ಮಗಳ ಮೊದಲ ಈಜು ಮೀಟ್: ಫಾರಂ ತುಂಬುವ ಮುಂಚೆ

ಪ್ರಶ್ನೆ: ನನ್ನ ಮಗಳು ಎರಡು ವರ್ಷದಿಂದ ದಾವಣಗೆರೆಯಲ್ಲಿ ಈಜು ಕಲಿಯುತ್ತಿದ್ದಾಳೆ. ಈಗ 11 ವರ್ಷ, ನವೆಂಬರಿಗೆ 12 ತುಂಬುತ್ತದೆ. ಬೆಂಗಳೂರಿನಲ್ಲಿ ನಡೆಯುವ ಮೀಟಿಗೆ ಹೆಸರು ಕೊಡಿ ಅಂತ ಕೋಚ್ ಹೇಳಿದ್ದಾರೆ. ಫಾರಂ ನೋಡಿದರೆ ಗ್ರೂಪ್, ಎಂಟ್ರಿ ಟೈಮ್, ರಿಜಿಸ್ಟ್ರೇಷನ್ ನಂಬರ್ ಅಂತೆಲ್ಲಾ ಇದೆ. ನಮ್ಮ ಮನೆಯಲ್ಲಿ ಯಾರೂ ಆಟ ಆಡಿದವರಲ್ಲ. ಅವಳ ಟೈಮಿಂಗ್ ಇದುವರೆಗೂ ಯಾರೂ ತೆಗೆದಿಲ್ಲ. ಎಷ್ಟು ಈವೆಂಟಿಗೆ ಹಾಕಬೇಕು? ಕೊನೆಗೆ ಬಂದರೆ ಈಜೇ ಬಿಟ್ಟುಬಿಡುತ್ತಾಳೇನೋ ಅನ್ನೋ ಭಯ ಬೇರೆ. ಏನು ಮಾಡಲಿ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ಮೊದಲು ನಿಂತದ್ದು ‘ನವೆಂಬರ್’ ಅನ್ನೋ ಪದದ ಮೇಲೆ. ಈಜು ಮೀಟಿನಲ್ಲಿ ಇವತ್ತು ಮಗುವಿಗೆ ಎಷ್ಟು ವಯಸ್ಸು ಅಂತ ನೋಡುವುದಿಲ್ಲ. ಆ ವರ್ಷದ ಡಿಸೆಂಬರ್ 31ಕ್ಕೆ ಎಷ್ಟು ತುಂಬಿರುತ್ತದೆ ಅನ್ನುವುದೇ ಲೆಕ್ಕ. ಅಂದರೆ ನಿಮ್ಮ ಮಗಳು ಮನೆಯಲ್ಲಿ 11ರವಳು, ಈಜುಕೊಳದಲ್ಲಿ ಈ ಜನವರಿಯಿಂದಲೇ 12ರವಳು. ಭಾರತೀಯ ಈಜು ಫೆಡರೇಷನ್ ಲೆಕ್ಕದಲ್ಲಿ 15ರಿಂದ 17 ವರ್ಷದವರು ಗ್ರೂಪ್ 1, 12ರಿಂದ 14ರವರು ಗ್ರೂಪ್ 2. ಅದಕ್ಕಿಂತ ಚಿಕ್ಕವರು ಗ್ರೂಪ್ 3 ಮತ್ತು 4. ಹಾಗಾಗಿ ಇವಳು ಗ್ರೂಪ್ 2. ಪಕ್ಕದ ಲೇನಿನಲ್ಲಿ 14 ವರ್ಷದ, ಇವಳಿಗಿಂತ ಒಂದು ಅಡಿ ಎತ್ತರದ ಹುಡುಗಿ ನಿಂತಿರಬಹುದು. ಅವಳು ರಾಷ್ಟ್ರೀಯ ಮೀಟ್ ಈಜಿ ಬಂದವಳೂ ಇರಬಹುದು. ಈ ವಿಷಯ ಮಗಳಿಗೆ ಮನೆಯಲ್ಲೇ, ಊಟದ ಹೊತ್ತಿಗೆ ಸುಮ್ನೆ ಹೇಳಿಬಿಡಿ. ಅಲ್ಲಿ ಹೋಗಿ ನೋಡಿ ಗಾಬರಿಯಾಗುವುದಕ್ಕಿಂತ ಅದು ಎಷ್ಟೋ ವಾಸಿ.

ಕ್ಲಬ್ಬುಗಳು ನಡೆಸುವ ಸಣ್ಣ ಮೀಟುಗಳಲ್ಲಿ ಗ್ರೂಪಿನ ವಯಸ್ಸು ಒಂದಿಷ್ಟು ಆಚೀಚೆ ಇರುತ್ತದೆ. ಸರ್ಕ್ಯುಲರ್ ಪೂರ್ತಿ ಓದಿ. ವಾಟ್ಸಾಪಿನಲ್ಲಿ ಬಂದ ಪೋಸ್ಟರ್ ಅಲ್ಲ, ಅದರ ಜೊತೆ ಬರುವ ಎರಡು ಮೂರು ಪುಟದ ಸರ್ಕ್ಯುಲರ್.

ಇಲ್ಲೇ ಇನ್ನೊಂದು ಮಾತು. ಯಾರೋ ಒಬ್ಬರು ಹಿತೈಷಿಗಳು ನಿಮ್ಮ ಹತ್ತಿರ ಬಂದೇ ಬರುತ್ತಾರೆ. “ನವೆಂಬರ್ ಅಲ್ವಾ, ಎರಡು ತಿಂಗಳು ಮುಂದಕ್ಕೆ ಹಾಕಿಸಿ, ಜನವರಿ ಮಾಡಿಸಿಬಿಡಿ, ಒಂದು ವರ್ಷ ಸಿಗುತ್ತೆ” ಅನ್ನುತ್ತಾರೆ. ಬೇಡ. ಹಲವು ವರ್ಷ ಒಂದು ಕ್ಲಬ್ಬಿನ ಎಂಟ್ರಿ ಕೆಲಸ ನಾನೇ ನೋಡಿಕೊಂಡಿದ್ದೆ. ಒಮ್ಮೆ ಒಬ್ಬ ಹುಡುಗ ಪದಕ ಕೊರಳಿಗೆ ಹಾಕಿಕೊಂಡು ಫೋಟೊ ತೆಗೆಸಿಕೊಂಡ ಮೇಲೆ ಅವನ ಶಾಲೆಯ ದಾಖಲೆಗೂ ಜನನ ಪ್ರಮಾಣಪತ್ರಕ್ಕೂ ತಾಳೆಯಾಗಲಿಲ್ಲ. ಪದಕ ವಾಪಸ್ ಕೊಡಬೇಕಾಯಿತು. ತಾರೀಖು ತಿದ್ದಿಸಿದ್ದು ಅಪ್ಪ. ಎಲ್ಲರೆದುರು ಪದಕ ಬಿಚ್ಚಿಕೊಟ್ಟವನು ಮಗ.

ನಮ್ಮಲ್ಲಿ ಕಾಗದಪತ್ರದ ನಿಜವಾದ ತಲೆನೋವು ತಾರೀಖಲ್ಲ, ಇನಿಶಿಯಲ್. ಜನನ ಪ್ರಮಾಣಪತ್ರದಲ್ಲಿ ಬರೀ ಹೆಸರು. ಆಧಾರ್‌ನಲ್ಲಿ ಹೆಸರಿನ ಹಿಂದೆ ಅಪ್ಪನ ಪೂರ್ತಿ ಹೆಸರು. ಶಾಲೆಯಲ್ಲಿ ಮುಂದೆ ಊರಿನದೊಂದು, ಅಪ್ಪನದೊಂದು ಅಂತ ಎರಡಕ್ಷರ. ಒಂದೇ ಮಗು, ಮೂರು ಹೆಸರು. ಮೀಟಿನ ಕಂಪ್ಯೂಟರಿಗೆ ಅವರು ಮೂರು ಜನ. ಮೊದಲ ರಿಜಿಸ್ಟ್ರೇಷನ್ನಿಗೆ ಮುಂಚೆಯೇ ಈ ಹೆಸರುಗಳನ್ನು ಒಂದೇ ಥರ ಮಾಡಿಸಿಕೊಳ್ಳಿ. ಆಮೇಲೆ ಮುಂದಿನ ಎಲ್ಲಾ ಫಾರಮ್ಮುಗಳಲ್ಲೂ ಚುಕ್ಕೆ, ಅಂತರ ಸಮೇತ ಅದನ್ನೇ ಬರೆಯಿರಿ. ಹಳೆಯ ಕೈಬರಹದ ಜನನ ಪ್ರಮಾಣಪತ್ರ ಇದ್ದರೆ ಸರ್ಕಾರದ ಜನನ-ಮರಣ ನೋಂದಣಿ ತಾಣ ಇ-ಜನ್ಮದಿಂದ ಡಿಜಿಟಲ್ ಸಹಿ ಇರುವ ಪ್ರತಿ ತೆಗೆಸಿಡಿ.

ರಿಜಿಸ್ಟ್ರೇಷನ್ ನಂಬರ್ ಅಂದರೆ ಏನು ಅಂತ ಕೇಳಿದ್ದೀರಿ. ರಾಜ್ಯ ಮಟ್ಟದ ಮೀಟಿಗೆ ತಂದೆ ತಾಯಿ ನೇರವಾಗಿ ಎಂಟ್ರಿ ಕಳಿಸುವಂತಿಲ್ಲ. ಮಗು ಒಂದು ಕ್ಲಬ್ಬಿನ ಹೆಸರಲ್ಲಿರಬೇಕು. ಆ ಕ್ಲಬ್ ಕರ್ನಾಟಕ ಈಜು ಸಂಸ್ಥೆಯಲ್ಲಿ ನೋಂದಣಿ ಆಗಿರಬೇಕು. ಅಲ್ಲಿಂದ ಮೇಲೆ ಫೆಡರೇಷನ್. ಹೀಗೆ ನೋಂದಣಿ ಆದಾಗ ಮಗುವಿಗೆ ಸಿಗುವ ನಂಬರೇ ಅದು. ಕೋಚ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ: “ಸರ್, ನಮ್ಮ ಕ್ಲಬ್ಬಿಗೆ ಅಫಿಲಿಯೇಷನ್ ಇದೆಯಾ? ಇಲ್ಲದಿದ್ದರೆ ಯಾವ ಕ್ಲಬ್ ಹೆಸರಲ್ಲಿ ಈಜುತ್ತಾಳೆ?” ಈ ಉತ್ತರ ಬರಹದಲ್ಲಿರಲಿ. ಯಾಕೆಂದರೆ ಒಂದು ಕ್ಲಬ್ಬಿನ ಹೆಸರಲ್ಲಿ ನೋಂದಣಿ ಆದ ಮೇಲೆ ಇನ್ನೊಂದಕ್ಕೆ ಹೋಗಬೇಕಾದರೆ ಬಿಡುಗಡೆ ಪತ್ರ ಬೇಕಾಗುತ್ತದೆ. ಅದನ್ನು ಕೊಡಲು ಸತಾಯಿಸುವವರೂ ಇದ್ದಾರೆ.

ಶಾಲೆಯ ದಾರಿ ಬೇರೆಯೇ ಇದೆ, ಮರೆಯಬೇಡಿ. ಶಿಕ್ಷಣ ಇಲಾಖೆಯ ಕ್ರೀಡಾಕೂಟದಲ್ಲಿ ತಾಲ್ಲೂಕು, ಜಿಲ್ಲೆ, ವಿಭಾಗ ಅಂತ ಹಂತ ಹಂತವಾಗಿ ರಾಜ್ಯ ಮಟ್ಟಕ್ಕೆ ಹೋಗಬಹುದು. ಅಲ್ಲಿ ವಯಸ್ಸಿನ ಮಿತಿ 14, 17, 19 ಅಂತ. ಎಂಟ್ರಿ ಹೋಗುವುದು ಪಿ.ಟಿ. ಮೇಷ್ಟ್ರ ಮೂಲಕ. ಬೆಂಗಳೂರಿನ ಆಚೆ ಎಷ್ಟೋ ಜಿಲ್ಲೆಗಳಲ್ಲಿ ಈಜಿಗೆ ಬರುವ ಮಕ್ಕಳೇ ಕಡಿಮೆ. ಸರಿಯಾಗಿ ಈಜಿ ಮುಗಿಸುವ ಹುಡುಗಿಗೆ ಅಲ್ಲಿ ಒಳ್ಳೆಯ ಅವಕಾಶ. ಆದರೆ ಬಹಳ ಮೇಷ್ಟ್ರಿಗೆ ತಮ್ಮ ಶಾಲೆಯಲ್ಲಿ ಈಜು ಬರುವ ಮಗು ಇದೆ ಅನ್ನುವುದೇ ಗೊತ್ತಿರುವುದಿಲ್ಲ. ಶಾಲೆ ಶುರುವಾದ ಮೊದಲ ವಾರದಲ್ಲೇ ಹೋಗಿ ಹೇಳಿ.

ಈಗ ನಿಮ್ಮ ಫಾರಮ್ಮಿನ ಅತಿ ಮುಖ್ಯ ಕಾಲಂ: ಎಂಟ್ರಿ ಟೈಮ್. ಅಂದರೆ ಆ ದೂರ ಈಜಲು ಮಗುವಿಗೆ ಎಷ್ಟು ಹೊತ್ತು ಬೇಕು ಅಂತ ಮೊದಲೇ ಬರೆದುಕೊಡುವುದು.

ಇದು ಯಾಕೆ ಬೇಕು ಅಂತ ಗೊತ್ತಾದರೆ ಅರ್ಧ ಭಯ ಹೋಗುತ್ತದೆ. 40 ಮಕ್ಕಳು ಒಂದು ಈವೆಂಟಿಗೆ ಬಂದಿದ್ದಾರೆ, ಕೊಳದಲ್ಲಿ 8 ಲೇನ್ ಇದೆ ಅಂದುಕೊಳ್ಳಿ. ಐದು ಹೀಟ್, ಅಂದರೆ ಎಂಟೆಂಟು ಮಕ್ಕಳ ಐದು ಓಟ ಆಗಬೇಕು. ಯಾರು ಯಾವ ಹೀಟ್, ಯಾವ ಲೇನ್ ಅಂತ ಕಂಪ್ಯೂಟರ್ ನಿರ್ಧರಿಸುವುದು ಎಂಟ್ರಿ ಟೈಮ್ ನೋಡಿ. ಹೀಟಿನಲ್ಲಿ ಎಲ್ಲರಿಗಿಂತ ವೇಗದವರಿಗೆ ನಡುವಿನ 4ನೇ ಲೇನ್, ಆಮೇಲೆ 5, 3, 6 ಅಂತ ಹೊರಕ್ಕೆ ಹೋಗುತ್ತದೆ. ಅಂದರೆ ನಿಜವಾದ ಟೈಮ್ ಬರೆದರೆ ಮಗಳು ತನ್ನಷ್ಟೇ ವೇಗದವರ ನಡುವೆ ಈಜುತ್ತಾಳೆ. ಅಕ್ಕಪಕ್ಕ ಯಾರಾದರೂ ಜೊತೆಗಿರುತ್ತಾರೆ.

ಸುಳ್ಳು ಬರೆದರೆ ಏನಾಗುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. 50 ಮೀಟರ್ ಫ್ರೀಸ್ಟೈಲನ್ನು 52 ಸೆಕೆಂಡಿನಲ್ಲಿ ಮುಗಿಸುವ ಒಂದು ಹುಡುಗಿಗೆ ಮನೆಯವರು 36 ಅಂತ ಬರೆಸಿದ್ದರು. “ಒಳ್ಳೆಯವರ ಜೊತೆ ಈಜಿದರೆ ವೇಗ ಬರುತ್ತೆ” ಅನ್ನುವುದು ಅವರ ಲೆಕ್ಕ. ಅವಳು ಕೊನೆಯ, ಅಂದರೆ ಎಲ್ಲಕ್ಕಿಂತ ವೇಗದ ಹೀಟಿಗೆ ಬಂದಳು. ಉಳಿದ ಏಳೂ ಜನ ಗೋಡೆ ಮುಟ್ಟಿ, ಕನ್ನಡಕ ತೆಗೆದು, ಬೋರ್ಡ್ ನೋಡುತ್ತಿದ್ದರು. ಇವಳಿಗೆ ಇನ್ನೂ 15 ಮೀಟರ್ ಇತ್ತು. ಆ ಕೊನೆಯ 15 ಮೀಟರ್ ಇಡೀ ಗ್ಯಾಲರಿ ಅವಳೊಬ್ಬಳನ್ನೇ ನೋಡಿತು. ಚಪ್ಪಾಳೆ ಹೊಡೆದರು ನಿಜ. ಆ ಚಪ್ಪಾಳೆ ಯಾವ ಥರದ್ದು ಅಂತ ಮಕ್ಕಳಿಗೆ ಚೆನ್ನಾಗಿ ಗೊತ್ತಾಗುತ್ತದೆ.

ನೀವು ಹೆದರುತ್ತಿರುವ ‘ಕೊನೆಗೆ ಬರುವುದು’ ಹೀಗೆ, ಬಹಳ ಸಲ ಫಾರಮ್ಮಿನಲ್ಲೇ ತಯಾರಾಗಿರುತ್ತದೆ.

ಟೈಮ್ ತೆಗೆಯುವುದು ಕಷ್ಟವಲ್ಲ. ಕೋಚ್‌ಗೆ ಹೇಳಿ ಒಂದು ಬೆಳಿಗ್ಗೆ ಒಂದು ಲೇನ್ ಖಾಲಿ ಮಾಡಿಸಿಕೊಳ್ಳಿ. ಇಬ್ಬರು ಎರಡು ಫೋನಿನಲ್ಲಿ ಸ್ಟಾಪ್‌ವಾಚ್ ಇಟ್ಟುಕೊಳ್ಳಿ. ಸೀಟಿ ಕೇಳಿದ ಕೂಡಲೇ ಒತ್ತಬೇಕು, ಮಗಳ ಕೈ ಗೋಡೆಗೆ ತಾಗಿದ ಕೂಡಲೇ ನಿಲ್ಲಿಸಬೇಕು. ಅವಳು ತಲೆ ಎತ್ತಿ ಉಸಿರು ಬಿಟ್ಟಾಗ ಅಲ್ಲ. ಅದಕ್ಕೆ ಮುಗಿಯುವ ಗೋಡೆಯ ಮೇಲೆಯೇ ಬಗ್ಗಿ ನಿಂತಿರಬೇಕು. ದೂರದ ಕುರ್ಚಿಯಲ್ಲಿ ಕೂತು ತೆಗೆದ ಟೈಮ್ ಟೈಮೇ ಅಲ್ಲ. ಎರಡು ದಿನ ಬಿಟ್ಟು ಇನ್ನೊಮ್ಮೆ ತೆಗೆಯಿರಿ. ಎರಡರಲ್ಲಿ ನಿಧಾನದ್ದನ್ನೇ ಬರೆಯಿರಿ.

ನಿಮ್ಮ ಕೊಳ 25 ಮೀಟರೋ 50 ಮೀಟರೋ ಕೇಳಿಕೊಳ್ಳಿ. 25 ಮೀಟರ್ ಕೊಳದಲ್ಲಿ ನಡುವೆ ಒಮ್ಮೆ ಗೋಡೆ ಒದ್ದು ತಿರುಗಬಹುದು. ಹಾಗಾಗಿ ಟೈಮ್ ಸ್ವಲ್ಪ ಚೆನ್ನಾಗಿ ಬರುತ್ತದೆ. 50 ಮೀಟರ್ ಕೊಳದಲ್ಲಿ ಅದೇ ಹುಡುಗಿಗೆ ಒಂದೇ ಉದ್ದ, ಒದೆಯಲು ಗೋಡೆ ಇಲ್ಲ. ಮೊದಲ ಸಲ ನೋಡಿದಾಗ ಆ ಉದ್ದವೇ ಮಕ್ಕಳನ್ನು ಹೆದರಿಸುತ್ತದೆ. ಕೆಲವು ಹೋಟೆಲ್, ಅಪಾರ್ಟ್‌ಮೆಂಟ್ ಕೊಳಗಳು 25 ಮೀಟರೂ ಇರುವುದಿಲ್ಲ. ಅಲ್ಲಿ ತೆಗೆದ ಟೈಮ್ ಬರೆಯಲೇಬೇಡಿ.

ಟೈಮೇ ಇಲ್ಲದಿದ್ದರೆ ‘ಎನ್.ಟಿ.’ ಅಂತ ಬರೆಯಬಹುದು. ಟೈಮ್ ಇಲ್ಲ ಅಂತ ಅರ್ಥ. ಅದರಲ್ಲಿ ಅವಮಾನ ಏನಿಲ್ಲ. ಮೊದಲ ಹೀಟಿನಲ್ಲಿ, ಇನ್ನೂ ಹೊಸ ಮಕ್ಕಳ ಜೊತೆ ಬರುತ್ತಾಳೆ ಅಷ್ಟೇ. ಕೆಲವು ಮೀಟುಗಳು ಎನ್.ಟಿ. ತೆಗೆದುಕೊಳ್ಳುವುದಿಲ್ಲ, ಅದೂ ಸರ್ಕ್ಯುಲರಿನಲ್ಲಿರುತ್ತದೆ. ಬರೆಯುವ ರೀತಿಯ ಬಗ್ಗೆ ಒಂದು ಎಚ್ಚರಿಕೆ: 52 ಸೆಕೆಂಡ್ 40 ಅನ್ನುವುದನ್ನು 00:52.40 ಅಂತ ಬರೆಯಬೇಕು. 52:40 ಅಂತ ಬರೆದರೆ 52 ನಿಮಿಷ. ನಗಬೇಡಿ, ನಮ್ಮ ಕ್ಲಬ್ಬಿನಿಂದಲೇ ಒಮ್ಮೆ ಹಾಗೆ ಹೋಗಿತ್ತು. ಟೈಪ್ ಮಾಡಿದ್ದು ನಾನೇ.

ಹೀಟಿನಲ್ಲಿ ಎಷ್ಟನೆಯವಳಾಗಿ ಬಂದಳು ಅನ್ನುವುದಕ್ಕೆ ಜಾಸ್ತಿ ಬೆಲೆ ಕೊಡಬೇಡಿ. 2000ರ ಸಿಡ್ನಿ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ನಿಶಾ ಮಿಲೆಟ್ 200 ಮೀಟರ್ ಫ್ರೀಸ್ಟೈಲಿನ ತಮ್ಮ ಹೀಟಿನಲ್ಲಿ ಮೊದಲು ಬಂದರು. ಆದರೂ ಸೆಮಿಫೈನಲ್ ಸಿಗಲಿಲ್ಲ. ಎಲ್ಲಾ ಹೀಟುಗಳ ಟೈಮ್ ಒಟ್ಟಿಗೆ ಸೇರಿಸಿ ನೋಡುತ್ತಾರೆ. ಒಲಿಂಪಿಕ್ಸಿನಲ್ಲಿ ನಡೆಯುವ ಲೆಕ್ಕವೇ ನಿಮ್ಮ ಮಗಳ ಮೀಟಿನಲ್ಲೂ ನಡೆಯುತ್ತದೆ.

ಎಷ್ಟು ಈವೆಂಟ್? ಎರಡು. 50 ಮೀಟರ್ ಫ್ರೀಸ್ಟೈಲ್, 50 ಮೀಟರ್ ಬ್ಯಾಕ್‌ಸ್ಟ್ರೋಕ್. ಕೋಚ್ ನಾಲ್ಕೈದು ಹೇಳಬಹುದು. ಬೆಂಗಳೂರಿಗೆ ಅಷ್ಟು ದೂರ ಹೋಗುತ್ತೀರಲ್ಲ, ಹೋದದ್ದಕ್ಕೆ ಎಲ್ಲಾ ಈಜಲಿ ಅಂತ ನಿಮಗೂ ಅನ್ನಿಸಬಹುದು. ಮೊದಲ ಮೀಟಿನಲ್ಲಿ ಮಕ್ಕಳಿಗೆ ಸುಸ್ತಾಗುವುದು ಈಜಿ ಅಲ್ಲ, ಕಾದು. ಕಾದು ಕಾದು ನಾಲ್ಕನೇ ಈವೆಂಟಿಗೆ ಬರುವಷ್ಟರಲ್ಲಿ ಮುಖ ಬಾಡಿರುತ್ತದೆ. ರಿಲೇಗೆ ಜನ ಕಡಿಮೆ ಇದ್ದರೆ ಮಾತ್ರ ಹೂಂ ಅನ್ನಿ. ರಿಲೇ ಮಕ್ಕಳಿಗೆ ಖುಷಿ, ಒಬ್ಬರೇ ನಿಲ್ಲಬೇಕಾಗಿಲ್ಲ.

ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈ ಯಾಕೆ ಬೇಡ ಅಂದೆ ಅಂದರೆ ಡಿ.ಕ್ಯೂ., ಅಂದರೆ ನಿಯಮ ತಪ್ಪಿದ್ದಕ್ಕೆ ಅನರ್ಹ ಆಗುವುದು ಅಲ್ಲೇ ಜಾಸ್ತಿ. ಆ ಎರಡರಲ್ಲೂ ತಿರುಗುವಾಗ, ಮುಗಿಸುವಾಗ ಎರಡೂ ಕೈ ಒಟ್ಟಿಗೆ ಗೋಡೆ ಮುಟ್ಟಬೇಕು. ಆತುರದಲ್ಲಿ ಮಗು ಒಂದೇ ಕೈ ಚಾಚುತ್ತದೆ, ಮುಗಿಯಿತು. ಬ್ರೆಸ್ಟ್‌ಸ್ಟ್ರೋಕಿನಲ್ಲಿ ಎರಡು ಕಾಲೂ ಒಂದೇ ಥರ ಒದೆಯಬೇಕು. ಒಂದು ಕಾಲು ಕತ್ತರಿ ಹಾಕುವ ಅಭ್ಯಾಸ ತುಂಬಾ ಮಕ್ಕಳಿಗಿದೆ. ಊರ ಕೊಳದಲ್ಲಿ ಯಾರೂ ನೋಡುವುದಿಲ್ಲ, ಮೀಟಿನಲ್ಲಿ ಬಿಳಿ ಬಟ್ಟೆ ಹಾಕಿದ ಜಡ್ಜ್ ಪಕ್ಕದಲ್ಲೇ ನಡೆದುಕೊಂಡು ಬರುತ್ತಾರೆ. ಬ್ಯಾಕ್‌ಸ್ಟ್ರೋಕಿನಲ್ಲಿ ಒಂದೇ ಒಂದು ಎಚ್ಚರಿಕೆ: ಗೋಡೆ ಎಲ್ಲಿದೆ ಅಂತ ನೋಡಲು ಹೊಟ್ಟೆಯ ಮೇಲೆ ಹೊರಳಬಾರದು, ಅಂಗಾತ ಇದ್ದೇ ಮುಟ್ಟಬೇಕು. ಗೋಡೆಗೆ 5 ಮೀಟರ್ ಮುಂಚೆ ತಲೆಯ ಮೇಲೆ ಬಾವುಟದ ಸಾಲು ಕಟ್ಟಿರುತ್ತಾರೆ. ಬಾವುಟದಿಂದ ಗೋಡೆಗೆ ತನಗೆ ಎಷ್ಟು ಕೈ ಬೇಕು ಅಂತ ಅವಳಿಗೆ ಬಾಯಿಪಾಠ ಆಗಿರಬೇಕು. ನಿಮ್ಮ ಕೊಳದಲ್ಲಿ ಬಾವುಟ ಇಲ್ಲದಿದ್ದರೆ ಅಳತೆ ಮಾಡಿ ಒಂದು ಹಗ್ಗಕ್ಕೆ ನಾಲ್ಕು ಹಳೆ ಬಟ್ಟೆ ಕಟ್ಟಿದರೂ ಸಾಕು.

ಫ್ರೀಸ್ಟೈಲ್ ಎಲ್ಲಕ್ಕಿಂತ ಉದಾರಿ. ದಣಿದು ಒಂದು ಕ್ಷಣ ತಳಕ್ಕೆ ಕಾಲೂರಿ ನಿಂತರೂ ಡಿ.ಕ್ಯೂ. ಇಲ್ಲ, ನಡೆಯಬಾರದು ಅಷ್ಟೇ. ಲೇನಿನ ಹಗ್ಗ ಹಿಡಿದು ಎಳೆದುಕೊಳ್ಳಬಾರದು. ಆದರೆ ದೊಡ್ಡ ಸ್ಪರ್ಧಾ ಕೊಳಗಳಲ್ಲಿ 12 ವರ್ಷದವಳಿಗೆ ಕಾಲು ತಳಕ್ಕೆ ಸಿಗುವುದೇ ಅನುಮಾನ. ಅದನ್ನು ಮೊದಲೇ ಹೇಳಿಡಿ.

ಡೈವ್ ಬಗ್ಗೆ ಸ್ವಲ್ಪ ಗಂಭೀರವಾಗಿ ಹೇಳುತ್ತೇನೆ. ಸ್ಟಾರ್ಟಿಂಗ್ ಬ್ಲಾಕ್, ಅಂದರೆ ನಿಂತು ಹಾರುವ ಕಟ್ಟೆ, ನೀರಿನಿಂದ 50ರಿಂದ 75 ಸೆಂಟಿಮೀಟರ್ ಎತ್ತರ ಇರುತ್ತದೆ. ಬ್ಲಾಕ್ ಇರುವ ಕಡೆ ನೀರು ಕನಿಷ್ಠ 1.35 ಮೀಟರ್, ಅಂದರೆ ಹತ್ತಿರ ಹತ್ತಿರ ನಾಲ್ಕೂವರೆ ಅಡಿ ಆಳ ಇರಬೇಕು ಅನ್ನುವುದು ಅಂತರರಾಷ್ಟ್ರೀಯ ನಿಯಮ. ನಿಮ್ಮ ಕೊಳದ ಆಳ ಅದಕ್ಕಿಂತ ಕಡಿಮೆ ಇದ್ದರೆ ಅಲ್ಲಿ ಡೈವ್ ಅಭ್ಯಾಸ ಬೇಡವೇ ಬೇಡ. ತಲೆ ತಳಕ್ಕೆ ಬಡಿದರೆ ಹೋಗುವುದು ಕತ್ತು. ಡೈವ್ ಬರದ ಮಕ್ಕಳಿಗೆ ಸಣ್ಣ ಮೀಟುಗಳಲ್ಲಿ ದಡದಿಂದಲೋ ನೀರಿನೊಳಗಿಂದಲೋ ಶುರುಮಾಡಲು ಬಿಡುತ್ತಾರೆ. ಕೋಚ್ ಮೂಲಕ ರೆಫರಿಗೆ ಮೊದಲೇ ಕೇಳಿಸಿ.

ಸೀಟಿಗಳ ಭಾಷೆಯನ್ನೂ ಮನೆಯಲ್ಲೇ ಕಲಿಸಿ. ಚಿಕ್ಕ ಚಿಕ್ಕ ಸೀಟಿ ಸಾಲಾಗಿ ಬಂದರೆ ಟವೆಲ್, ಜಾಕೆಟ್ ತೆಗೆದು ತಯಾರಾಗು ಅಂತ. ಒಂದು ಉದ್ದನೆಯ ಸೀಟಿ ಬಂದರೆ ಬ್ಲಾಕ್ ಹತ್ತು. ಬ್ಯಾಕ್‌ಸ್ಟ್ರೋಕಿನಲ್ಲಾದರೆ ಉದ್ದ ಸೀಟಿಗೆ ನೀರಿಗಿಳಿ, ಎರಡನೇ ಉದ್ದ ಸೀಟಿಗೆ ಗೋಡೆ ಹಿಡಿ. ಆಮೇಲೆ “ಟೇಕ್ ಯುವರ್ ಮಾರ್ಕ್ಸ್” ಅನ್ನುತ್ತಾರೆ. ಆಗ ಕಲ್ಲಿನ ಹಾಗೆ ನಿಲ್ಲಬೇಕು. ಬೀಪ್‌ಗೆ ಮುಂಚೆ ಹೊರಟರೆ ಔಟ್, ಎರಡನೇ ಅವಕಾಶ ಇಲ್ಲ. ಅದೇ ಸಿಡ್ನಿಯಲ್ಲಿ 100 ಮೀಟರ್ ಫ್ರೀಸ್ಟೈಲಿನ ಒಂದು ಹೀಟಿನಲ್ಲಿ ಮೂವರಿದ್ದರು. ಇಬ್ಬರು ಹೀಗೆ ಮುಂಚೆಯೇ ಹಾರಿ ಹೊರಬಿದ್ದರು. ಉಳಿದವನು ಈಕ್ವಟೋರಿಯಲ್ ಗಿನಿಯ ಎರಿಕ್ ಮೂಸಂಬಾನಿ. ಒಬ್ಬನೇ ಈಜಿ 1 ನಿಮಿಷ 52.72 ಸೆಕೆಂಡಿನಲ್ಲಿ ಮುಗಿಸಿದ. ಆ ಹೀಟಿನ ಗೆಲುವು ಅವನದೇ. ಮಕ್ಕಳಿಗೆ ಈ ಕಥೆ ಹೇಳಿದರೆ ಸೀಟಿಯ ಪಾಠ ತಾನಾಗಿ ನೆನಪಿರುತ್ತದೆ.

ಬಟ್ಟೆಗೆ ದುಡ್ಡು ಸುರಿಯಬೇಡಿ. ಸಾವಿರಾರು ರೂಪಾಯಿಯ ರೇಸಿಂಗ್ ಸೂಟ್ ಮೊದಲ ಮೀಟಿಗೆ ಬೇಕಿಲ್ಲ. ಮೈಗೆ ಅಂಟಿದಂತಿರುವ, ಮೊಣಕಾಲಿಗಿಂತ ಕೆಳಗೆ ಇಳಿಯದ ಸಾದಾ ಕಾಸ್ಟ್ಯೂಮ್ ಸಾಕು. ನಮ್ಮಲ್ಲಿ ತುಂಬಾ ಹೆಣ್ಣುಮಕ್ಕಳು ಪಾದದವರೆಗಿನ ಪೂರ್ತಿ ಕಾಸ್ಟ್ಯೂಮ್ ಹಾಕುತ್ತಾರೆ, ಅದಕ್ಕೆ ರೆಫರಿ ತಕರಾರು ತೆಗೆಯಬಹುದು. ಅದೇ ಬೇಕು ಅಂದರೆ ಎಂಟ್ರಿ ಕಳಿಸುವಾಗಲೇ ಕೇಳಿ. ಗಾಗಲ್ಸ್ ಮಾತ್ರ ಎರಡು ಇರಲಿ, ಎರಡೂ ಹಾಕಿ ಪಳಗಿದ್ದು. ಡೈವ್ ಮಾಡಿದಾಗ ಗಾಗಲ್ಸ್ ಮೂಗಿಗೋ ಬಾಯಿಗೋ ಜಾರುತ್ತದೆ, ಮಗು ನಡುವೆ ನಿಂತು ಅಳುತ್ತದೆ. ವಾರಕ್ಕೊಮ್ಮೆ ಗಾಗಲ್ಸ್ ಇಲ್ಲದೆ 50 ಮೀಟರ್ ಈಜಿಸಿ.

ಹಿಂದಿನ ರಾತ್ರಿಯೇ ಬೆಂಗಳೂರು ಸೇರಿಕೊಳ್ಳಿ. ಬೆಳಗಿನ ಜಾವ ಬಸ್ಸಿಳಿದು ನೇರ ಕೊಳಕ್ಕೆ ಬಂದ ಮಕ್ಕಳನ್ನು ನೋಡಿದರೆ ಗೊತ್ತಾಗುತ್ತದೆ. ವಾರ್ಮ್‌ಅಪ್ ಬೆಳಿಗ್ಗೆ ಬೇಗ ಇರುತ್ತದೆ. ಅದನ್ನು ತಪ್ಪಿಸಿದರೆ ಆ ಕೊಳದ ಗೋಡೆ, ಬಾವುಟ, ನೀರಿನ ತಂಪು ಯಾವುದೂ ಅವಳಿಗೆ ಪರಿಚಯ ಆಗುವುದಿಲ್ಲ. ನಿಮ್ಮನ್ನು ಗ್ಯಾಲರಿಯಿಂದ ಈಚೆಗೆ ಬಿಡುವುದಿಲ್ಲ. ಹಾಗಾಗಿ ಯಾರು ಯಾವ ಹೀಟ್, ಯಾವ ಲೇನ್ ಅನ್ನುವ ಸ್ಟಾರ್ಟ್ ಲಿಸ್ಟ್ ಬಂದ ಕೂಡಲೇ ಅವಳ ಎಡಗೈ ಮೇಲೆ ಈವೆಂಟ್ ನಂಬರ್, ಹೀಟ್, ಲೇನ್ ಮೂರನ್ನೂ ಬರೆದು ಕಳಿಸಿ. ಬಾಲ್‌ಪೆನ್ ವಾರ್ಮ್‌ಅಪ್ಪಿನಲ್ಲೇ ಅಳಿಸಿಹೋಗುತ್ತದೆ, ಮಾರ್ಕರ್ ಪೆನ್ ತನ್ನಿ. ಹೆಸರು ಕೂಗಿದಾಗ ಅವಳು ಮಾರ್ಷಲಿಂಗ್ ಜಾಗದಲ್ಲಿ, ಅಂದರೆ ಹೀಟಿಗೆ ಮುಂಚೆ ಮಕ್ಕಳನ್ನು ಸಾಲಾಗಿ ಸೇರಿಸುವ ಕಡೆ ಇರಬೇಕು. ಶೌಚಾಲಯಕ್ಕೆ ಹೋಗಿದ್ದೆ ಅಂದರೆ ಹೀಟ್ ಕಾಯುವುದಿಲ್ಲ. ಎರಡು ಟವೆಲ್, ಒಂದು ಸ್ವೆಟರ್, ಚಪ್ಪಲಿ, ಕೂರಲು ಒಂದು ಚಾಪೆ. ಒದ್ದೆ ಕಾಸ್ಟ್ಯೂಮಿನಲ್ಲಿ ಎರಡು ಗಂಟೆ ನಡುಗುತ್ತಾ ಕೂತರೆ ಎರಡನೇ ಈವೆಂಟಿಗೆ ಕೈ ಏಳುವುದಿಲ್ಲ. ತಿನ್ನಲು ಇಡ್ಲಿ, ಬಾಳೆಹಣ್ಣು, ಖರ್ಜೂರ. ಬೆಂಗಳೂರಿಗೆ ಬಂದ ಖುಷಿಗೆ ಮಸಾಲೆ ದೋಸೆ ಎಲ್ಲಾ ಮುಗಿದ ಮೇಲೆ. ನಿಮ್ಮೂರಿನ ಬೆಣ್ಣೆ ದೋಸೆ ತಿಂದವರಿಗೆ ಅದೇನು ಮಹಾ ಅನ್ನಿಸಬಹುದು ಬಿಡಿ.

ಡಿ.ಕ್ಯೂ. ಆದರೆ ಜಡ್ಜ್ ಜೊತೆ ಗ್ಯಾಲರಿಯಿಂದ ಜಗಳ ಬೇಡ. ತಕರಾರಿದ್ದರೆ ತಂಡದ ಮ್ಯಾನೇಜರ್ 30 ನಿಮಿಷದೊಳಗೆ ಬರಹದಲ್ಲಿ, ಠೇವಣಿ ಕಟ್ಟಿ ಕೊಡಬೇಕು, ಅದೊಂದೇ ದಾರಿ. ಯಾವ ತಪ್ಪಿಗೆ ಅಂತ ಮಾತ್ರ ಕೋಚ್ ಕೇಳಿ ತಿಳಿದುಕೊಳ್ಳಲಿ. ಮುಂದಿನ ತಿಂಗಳು ಏನು ಅಭ್ಯಾಸ ಮಾಡಬೇಕು ಅನ್ನುವುದು ಅದರಲ್ಲೇ ಇದೆ.

ಕೊನೆಗೆ ಬಂದರೆ ಬಿಟ್ಟುಬಿಡುತ್ತಾಳಾ ಅಂತ ಕೇಳಿದ್ದೀರಿ. ಬರಬಹುದು. 12ರವಳು 14ರವರ ಜೊತೆ ಈಜುತ್ತಿದ್ದಾಳೆ. ಬೆಂಗಳೂರಿನ ಧಿನಿಧಿ ದೇಸಿಂಘು 14ನೇ ವಯಸ್ಸಿಗೇ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಈಜಿದವಳು. ಆ ಗ್ರೂಪಿನ ಮಟ್ಟ ಎಲ್ಲಿಗೆ ಹೋಗಿದೆ ನೋಡಿ. ಆದರೆ ಕೊನೆಗೆ ಬಂದದ್ದಕ್ಕೆ ಈಜು ಬಿಟ್ಟ ಮಕ್ಕಳು ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ. ವಾಪಸ್ ಹೋಗುವ ರೈಲಿನಲ್ಲಿ ಅಪ್ಪ ಅಮ್ಮ ಐದು ಗಂಟೆ ಅದನ್ನೇ ಮಾತಾಡಿದ್ದಕ್ಕೆ ಬಿಟ್ಟವರು ಜಾಸ್ತಿ. ನೀರಿಂದ ಎದ್ದು ಬಂದ ಕೂಡಲೇ ಟವೆಲ್ ಕೊಡಿ, ತಿನ್ನಲು ಕೊಡಿ. ಟೈಮ್ ಎಷ್ಟು ಅಂತ ಅವಳೇ ಕೇಳುವ ತನಕ ಸುಮ್ನಿರಿ.

ಕೊನೆಗೆ ಒಂದು ಕೆಲಸ. ಗೋಡೆಗೆ ಅಂಟಿಸಿದ ಫಲಿತಾಂಶದ ಹಾಳೆಯ ಫೋಟೊ ತೆಗೆದುಕೊಳ್ಳಿ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಕೊಳದ ಉದ್ದ, ಈವೆಂಟ್, ಟೈಮ್ ಅವಳ ಕೈಯಲ್ಲೇ ಬರೆಸಿ. ಮುಂದಿನ ಫಾರಂ ಬಂದಾಗ ಎಂಟ್ರಿ ಟೈಮ್ ಕಾಲಮ್ಮಿಗೆ ಆ ನೋಟ್‌ಬುಕ್ ತೆಗೆದರಾಯಿತು, ಯಾರನ್ನೂ ಕೇಳಬೇಕಾಗಿಲ್ಲ.